ಆತ್ಮಕಥೆಯ ಒಂದು ಸಾಲು

ತೀರಿಕೊಂಡ ಹಿರಿಯ ಸಾಹಿತಿಯ ಆತ್ಮಕಥೆಯನ್ನು ಅವಳು ಈ ಕಾಲದ ಕಿರುಕಾದಂಬರಿಯಾಗಿ ತಿರುಗಿ ಬರೆದಿದ್ದಳು. ಒಪ್ಪಿಗೆ ಕೇಳಲು ಬಂದವಳ ಎದುರು ಸಾಹಿತಿಯ ಮಗ ಹಸ್ತಪ್ರತಿ ಮುಚ್ಚಿಟ್ಟ. ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು.

"ಅಮ್ಮ ಹೊಳೆಗೆ ಬಿದ್ದು ಸತ್ತಳು ಅಂತ ಅಪ್ಪ ಬರೆದಿದಾರೆ. ನೀವು ಅವಳನ್ನ ಬಸ್ಸು ಹತ್ತಿಸಿ ಕಳಿಸಿದೀರಿ. ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ ಸಾರ್. ಅಷ್ಟು ದೊಡ್ಡ ಪುಸ್ತಕದಲ್ಲಿ ಅವರ ಸಾವಿಗೆ ಒಂದೇ ಸಾಲು. ನಂಬೋಕಾಗಲಿಲ್ಲ, ಕಲ್ಪಿಸಿಕೊಂಡೆ."

"ವರ್ಷಾ ವರ್ಷಾ ಅಮ್ಮನ ತಿಥಿ ಮಾಡ್ತಿರೋನು ನಾನು. ಅಪ್ಪ ಬರೆದದ್ದು ಸುಳ್ಳಾಗಬಾರದು."

"ಬೇಡ ಅಂದ್ರೆ ಆ ಅಧ್ಯಾಯ ತೆಗೀತೀನಿ."

ಒಳಗೆ ಯಂತ್ರದ ಸದ್ದು ನಿಂತಿತು. ಅವನು ಕೋಣೆಯ ಬಾಗಿಲಿನತ್ತ ತಿರುಗಿದ.

"ಅಮ್ಮಾ, ಈ ವರ್ಷದಿಂದ ನಿನ್ನ ತಿಥಿ ಮಾಡಲ್ಲ."