ಅಡುಗೆಮನೆ ಕಡೆಯ ಮೂಲೆ

"ರೀ, ಬಂದೇಬುಟ್ರು!" ಕಿಟಕಿಯಿಂದಲೇ ಕೋಮಲಾ ಕೂಗಿದಳು. ಗೇಟಿನ ಹೊರಗೆ ಮನೆ ಮಾಲೀಕ ರಾಮಕೃಷ್ಣಪ್ಪ ಆಟೋದಿಂದ ಇಳಿಯುತ್ತಿದ್ದರು. ಅವಳ ಗಂಡ ಭೈರೇಶ್ ಊಟದ ಮೇಜಿನ ಮೇಲೆ ಭಾರಕ್ಕೆಂದು ಹೇರಿದ್ದ ರಾಗಿ ಚೀಲಗಳನ್ನು ದಡಬಡನೆ ಇಳಿಸಿದ. ಅಂಟಿಸಿದ ಹೊಸ ಮರದ ಹಾಳೆ ಎಲ್ಲಾದರೂ ಎದ್ದಿದೆಯೇ ಎಂದು ಅಂಗೈಯಿಂದ ಸವರಿದ. ಸದ್ಯ, ಎದ್ದಿರಲಿಲ್ಲ.

ಕೃಷ್ಣಗಿರಿ ಜಿಲ್ಲೆಯಾಗಿ ಅಳಿಯನಿಗೆ ಅಲ್ಲಿಗೆ ವರ್ಗವಾದಾಗ ರಾಮಕೃಷ್ಣಪ್ಪನೂ ಮಗಳ ಜೊತೆ ಹೊರಟಿದ್ದರು. ಹೊಸೂರಿನ ಈ ಮನೆಯನ್ನು ಬಾಡಿಗೆಗೆ ಕೊಡುವಾಗ ಹಾಕಿದ್ದು ಒಂದೇ ಷರತ್ತು: "ಮೇಜು ಇಲ್ಲೇ ಇರ್ತದೆ. ಅದಕ್ಕೇನಾದ್ರೂ ಆಯ್ತೋ, ಮನೆ ಖಾಲಿ ಮಾಡ್ಬೇಕು, ಅಷ್ಟೇ." ಆಗಾಗ ಬಂದು ಮೇಜನ್ನು ಮುಟ್ಟಿ, ಕುಟ್ಟಿ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಗಟ್ಟಿ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಾರೆ ಎಂದೇ ಗಂಡ ಹೆಂಡತಿ ತಿಳಿದಿದ್ದರು.

ಅಂಥ ಮೇಜಿನ ಮೇಲೆ ಕೋಮಲಾ, ಹಾಳಾದ ಮರೆವು, ಒಲೆಯಿಂದ ಇಳಿಸಿದ ಕುಕ್ಕರನ್ನು ಹಾಗೇ ಇಟ್ಟುಬಿಟ್ಟಿದ್ದಳು! ಮೇಲಿನ ತೇಗದ ತೆಳು ಹಾಳೆ ಹಪ್ಪಳದಂತೆ ಉಬ್ಬಿ ಸೀಳಿಹೋಯಿತು. ಮಗಳು ಭೂಮಿಕಾಳನ್ನು ಪಕ್ಕದ ಬೀದಿಯ ಶಾಲೆಗೆ ಆಗಷ್ಟೇ ಸೇರಿಸಿದ್ದರು. ಈ ಮನೆಯೂ ಹೋದರೆ ಮತ್ತೆಲ್ಲಿ ಹುಡುಕುವುದು?

ಭೈರೇಶ್ ಫ್ಯಾಕ್ಟರಿಗೆ ರಜೆ ಹಾಕಿ ಹಳೆಯ ಹಾಳೆ ಕಿತ್ತ. ಕೆಳಗಿನ ಮರದಲ್ಲಿ ಗಂಟು ಉದುರಿದ ಗುಂಡಿಗಳು. ಅಡುಗೆಮನೆ ಕಡೆಯ ಮೂಲೆಯಲ್ಲಂತೂ ಮುಷ್ಟಿ ಹಿಡಿಸುವಷ್ಟು ಟೊಳ್ಳು. ಮರದ ಪುಡಿಗೆ ಅಂಟು ಕಲಸಿ ಎಲ್ಲವನ್ನೂ ತುಂಬಿ, ಒಣಗಿಸಿ, ಉಜ್ಜಿ, ಮೇಲೆ ಹೊಸ ಹಾಳೆ ಅಂಟಿಸಿದ. ಬೆರಳ ಗೆಣ್ಣಿನಿಂದ ಕುಟ್ಟಿ ಹೆಂಡತಿಗೆ ತೋರಿಸಿದ. "ಕೇಳು, ಎಲ್ಲೂ ಡಬ್ ಅನ್ನಲ್ಲ. ಮೊದ್ಲಿಗಿಂತ ಗಟ್ಟಿ ಆಗದೆ."

ರಾಮಕೃಷ್ಣಪ್ಪ ಒಳಬಂದವರೇ ಸೀದಾ ಮೇಜಿನ ಬಳಿ ನಡೆದರು.

"ನೀರು ಕೊಡ್ಲಾ ಸಾರ್?" ಕೋಮಲಾ ಅಡುಗೆಮನೆ ಬಾಗಿಲಿಂದಲೇ ಕೇಳಿದಳು.

"ಇರ್ಲಿ ಬುಡಮ್ಮ." ಪೊರೆ ಬಂದ ಕಣ್ಣಿಗೆ ಹೊಸ ಹಾಳೆ ಕಾಣಿಸಲಿಲ್ಲ. "ಚೆನ್ನಾಗಿ ಇಟ್ಕೊಂಡಿದ್ದೀರ."

ಅಬ್ಬಾ, ಗೆದ್ದೆವು ಎಂದುಕೊಂಡಳು ಕೋಮಲಾ. ಅಷ್ಟರಲ್ಲಿ ಅವರು ಅಡುಗೆಮನೆ ಕಡೆಯ ಮೂಲೆಗೆ ಹೋಗಿ ಎರಡು ಸಲ ಕುಟ್ಟಿದರು. ಬಗ್ಗಿ ಕಿವಿಗೊಟ್ಟು ಮತ್ತೆ ಕುಟ್ಟಿದರು.

"ಇಲ್ಲಿ ಡಬ್ ಡಬ್ ಅಂತಿತ್ತಲ್ಲಮ್ಮಾ?"

ಕೋಮಲಾ ಅತ್ತೇಬಿಟ್ಟಳು. "ತಪ್ಪಾಗೋಯ್ತು ಸಾರ್. ಬಿಸಿ ಕುಕ್ಕರ್ ಇಟ್ಬುಟ್ಟೆ. ಇವ್ರು ಹಳೇದು ಕಿತ್ತು, ಟೊಳ್ಳೆಲ್ಲಾ ತುಂಬಿ ಹೊಸ್ದು ಹಾಕವ್ರೆ. ಈಗ ಎಲ್ಲಾ ಕಡೆ ಗಟ್ಟಿ ಸಾರ್."

ರಾಮಕೃಷ್ಣಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕೂತರು. "ನಮ್ಮನೆಯೋಳು ಪಾಪಮ್ಮ ಸಾಯೋಗಂಟ ನನ್ನ ಹೆಸ್ರಿಡಿದು ಕರೀಲಿಲ್ಲ ಕಣಮ್ಮ. ಊಟಕ್ಕೆ ಕರೀಬೇಕಂದ್ರೆ ಈ ಮೂಲೇಲಿ ಎಲ್ಡು ಸಲ ಕುಟ್ಟೋಳು. ಹಿತ್ಲಾಗಿದ್ರೂ ಕೇಳೋದು."

ಭೈರೇಶ್ ಮುಂದೆ ಬಂದ. "ಮನೆ ಬುಡ್ಬೇಕಾ ಸಾರ್?"

"ಮನೆ ಇಟ್ಕೊಳಪ್ಪ," ಎಂದರು ರಾಮಕೃಷ್ಣಪ್ಪ, ಗೆಣ್ಣನ್ನು ಮೇಜಿನ ಮೇಲಿಂದ ತೆಗೆಯದೆ. "ಈ ಮೂಲೆ ಒಂದನ್ನ ತಿರ್ಗ ಟೊಳ್ಳು ಮಾಡಕಾಯ್ತದಾ, ನೋಡು."