ಐಸು ಹೊತ್ತ ಕಲ್ಲು

ನವರಾತ್ರಿ ಕಳೆದ ಮೇಲಿನ ಶನಿವಾರ. ಮಲ್ಪೆ ಬಂದರಿನಲ್ಲಿ ಬಂಗುಡೆಯ ಏಲಂ ಮುಗಿದು ಬಿಸಿಲು ಏರುತ್ತಿದ್ದ ಹೊತ್ತು. ಚಂದಜ್ಜನ ಮನೆಯ ಜಗಲಿಯ ಮೇಲಿದ್ದ ಥರ್ಮೊಕೋಲ್ ಡಬ್ಬದ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋವಾದ ಬಸ್ಸಿನಿಂದ ಆಗಷ್ಟೇ ಇಳಿದು ಬಂದ ಮೊಮ್ಮಗಳು ನವ್ಯಶ್ರೀ ಅದನ್ನು ಅಲ್ಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಚಂದಜ್ಜ ಪ್ರಾಯವನ್ನೆಲ್ಲ ಐಸ್ ಪ್ಲಾಂಟಿನಲ್ಲಿ ಗಡ್ಡೆ ಹೊತ್ತು ಕಳೆದವರು. ಡಬ್ಬ ಸೋರುವುದನ್ನು ಕಂಡು ಸುಮ್ಮನೆ ಕೂರುವ ಜನ ಅಲ್ಲ. ದೂರದಿಂದ ಬಂದ ಡಬ್ಬವನ್ನು ಬಿಚ್ಚಬೇಕು, ನೀರು ಬಸಿಯಬೇಕು, ಹೊಸ ಐಸ್ ತುಂಬಬೇಕು. ಇಲ್ಲದಿದ್ದರೆ ಒಳಗಿನ ಮೀನು ಮಧ್ಯಾಹ್ನಕ್ಕೆ ನಾರುತ್ತದೆ. ಬಂದರಿನ ಮಂದಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ಲಾಂಟಿಗೆ ಹೋಗಿ ಒಂದು ಬುಟ್ಟಿ ಪುಡಿ ಐಸ್ ತಂದರು. ಹಗ್ಗ ಬಿಚ್ಚಿದರೆ ಒಳಗೆ ಮೀನೇ ಇಲ್ಲ. ಉದ್ದಕ್ಕೆ ಸೀಳಿದ ಒಂದು ಪೈಪಿನ ತುಂಡು, ಅದರ ತುಂಬ ಬೂದು ಬಣ್ಣದ ಕೆಸರು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಕೆಸರಿನಲ್ಲಿ ಮರುವಾಯಿ ಚಿಪ್ಪು ಏನಾದರೂ ಉಂಟೋ ಎಂದು ಹಾಳೆ ಸರಿಸಿದರು. ಕಂಡದ್ದು ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲು. ಡಬ್ಬದೊಳಗೆ ಕಲ್ಲಿದ್ದರೆ ದಾರಿಯಲ್ಲಿ ಅಲುಗಾಡಿ ಮಾಲನ್ನು ಜಜ್ಜುತ್ತದೆ. ಕಿತ್ತರು, ಅಂಗಳಕ್ಕೆ ಎಸೆದರು, ಹಾಳೆ ಮುಚ್ಚಿ ಸುತ್ತ ಐಸ್ ತುಂಬಿದರು.

ತಲೆಗೆ ಬೈರಾಸು ಸುತ್ತಿಕೊಂಡು ಹೊರಗೆ ಬಂದ ನವ್ಯಶ್ರೀ ಬಾಗಿಲಲ್ಲೇ ನಿಂತಳು. “ಅಜ್ಜ, ಎಂತ ಮಾಡಿದಿರಿ?”

“ಐಸ್ ಹಾಕಿದೆ ಮಗಾ. ನಿನ್ನದೆಲ್ಲ ಕರಗಿ ನೀರಾಗಿತ್ತು. ಉಪ್ಪೂ ಹಾಕುವವನಿದ್ದೆ, ಅದರ ಡಬ್ಬಿ ಖಾಲಿ.”

“ಡಬ್ಬಿ ಖಾಲಿ ಇದ್ದದ್ದು ನನ್ನ ಪುಣ್ಯ,” ಎನ್ನುತ್ತಾ ಅವಳು ಮೊಣಕಾಲೂರಿ ಹಾಳೆ ಎತ್ತಿದಳು. ಕೆಸರಿನ ನಡುವೆ ಒಂದು ಗುಳಿ ಬಾಯಿ ತೆರೆದುಕೊಂಡಿತ್ತು. ಅವಳು ತಲೆ ಎತ್ತಿದಳು. “ಕಲ್ಲು ಎಲ್ಲಿ?”

ಚಂದಜ್ಜ ಗದ್ದದಿಂದಲೇ ತೋರಿಸಿದರು. ಬಚ್ಚಲಿನ ಕೆಲಸಕ್ಕೆಂದು ಕಾರ್ಕಳದಿಂದ ತರಿಸಿದ ಜಲ್ಲಿಯ ರಾಶಿ ಅಂಗಳದಲ್ಲಿತ್ತು.

“ಅಯ್ಯೋ ಅಜ್ಜ! ಕಡಲಡಿಯ ಕೆಸರಿನಲ್ಲಿದ್ದ ಆ ಕಲ್ಲಿಗಾಗಿ ಅಲ್ವಾ ನಾನು ಹಡಗಿನಲ್ಲಿ ಎರಡು ತಿಂಗಳು ವಾಂತಿ ಮಾಡಿಕೊಂಡು ಹೋದದ್ದು? ಸೋಮವಾರ ಮಣಿಪಾಲದ ಲ್ಯಾಬಿನಲ್ಲಿ ಅಳತೆ ತೆಗೆಯಲಿಕ್ಕುಂಟು. ಗುಳಿ ಕುಸಿಯುವ ಮೊದಲು ಕಲ್ಲು ಸಿಗದಿದ್ದರೆ ನನ್ನ ಇಷ್ಟು ವರ್ಷದ ಸಂಶೋಧನೆ ನೀರಲ್ಲಿ ಹೋಯಿತು.”

ಅಡುಗೆಮನೆಯಿಂದ ಅವಳ ತಾಯಿ ನಳಿನಾಕ್ಷಿ ಕೈ ಒರೆಸಿಕೊಳ್ಳುತ್ತಾ ಬಂದಳು. “ಅಪ್ಪನಿಗೆ ಡಬ್ಬ ಕಂಡರೆ ಸಾಕು, ಕೈ ತುರಿಸುತ್ತದೆ. ಕಳೆದ ಕ್ರಿಸ್ಮಸ್ಸಿಗೆ ಪಕ್ಕದ ಮನೆಯ ಕ್ಯಾರೆನ್ ಕೊಟ್ಟ ಕೇಕಿಗೂ ಐಸ್ ತುಂಬಿದವರು ಇವರು.”

ಮೂವರೂ ರಾಶಿಯ ಸುತ್ತ ಕುಕ್ಕರಗಾಲಲ್ಲಿ ಕೂತರು. “ಹೇಗೆ ಗುರುತು ಹಿಡಿಯುವುದು ಮಾರಾಯ್ತಿ? ಎಲ್ಲ ಒಂದೇ ಬಣ್ಣ,” ಎಂದಳು ನಳಿನಾಕ್ಷಿ.

“ಜಲ್ಲಿ ಕೈಗೆ ಚುಚ್ಚುತ್ತದೆ ಅಮ್ಮ. ಅದು ಚುಚ್ಚುವುದಿಲ್ಲ, ಮೂಲೆ ಸವೆದಿದೆ.”

ಚಂದಜ್ಜ ಎರಡೂ ಕೈಯಲ್ಲಿ ರಾಶಿ ಕೆದರಿದರು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸದೆ ಹುಡುಕಿದರು. ಅಂಗೈ ತರಚಿ ಕೆಂಪಾಯಿತು. ಕೊನೆಗೆ ಅದು ಸಿಕ್ಕಿದ್ದು ನಳಿನಾಕ್ಷಿಯ ಕೈಗೆ. ನವ್ಯಶ್ರೀ ಬಿಸಿಲಿಗೆ ಓರೆಯಾಗಿ ಹಿಡಿದಳು. ಕಲ್ಲಿನ ಒಂದು ಮಗ್ಗುಲಲ್ಲಿ ಬಾಚಣಿಗೆ ಎಳೆದಂತೆ ಸಪೂರ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ.

“ಯಾರು ಗೀರಿದ್ದು ಇದನ್ನು?” ಚಂದಜ್ಜ ಮೆಲ್ಲಗೆ ಕೇಳಿದರು.

“ಐಸ್.”

“ತಮಾಷೆ ಮಾಡಬೇಡ. ನನ್ನ ಹೆಗಲ ಮೇಲೆ ಕರಗಿ ಹರಿದದ್ದು ಕಲ್ಲನ್ನು ಗೀರುವುದಾ?”

“ಅದೇ ಐಸ್ ಅಜ್ಜ. ಭೂಮಿಯ ತೆಂಕು ಕೊನೆಯಲ್ಲಿ, ದಕ್ಷಿಣ ಧ್ರುವದ ಹತ್ತಿರ, ಅದು ಗಡ್ಡೆಯಲ್ಲ, ನೆಲ. ಕಾರ್ಕಳದ ಗೊಮ್ಮಟ ಬೆಟ್ಟದಂಥ ಹತ್ತು ಬೆಟ್ಟ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಅಷ್ಟು ಭಾರ ಬಂಡೆಯ ಮೇಲೆ ತೆವಳುವಾಗ ಅಡಿಗೆ ಸಿಕ್ಕಿದ ಕಲ್ಲು ಹೀಗಾಗುತ್ತದೆ. ಆಮೇಲೆ ಐಸಿನ ಅಂಚು ಒಡೆದು ಕಡಲಿಗೆ ಬಿತ್ತು, ಈ ಕಲ್ಲನ್ನು ಹೊತ್ತುಕೊಂಡೇ ತೇಲಿತು. ನಡುಗಡಲಲ್ಲಿ ಕರಗಿ ಕಲ್ಲನ್ನು ಕೆಳಗೆ ಬಿಟ್ಟಿತು. ಅದು ಕೂತ ಕೆಸರನ್ನು ನೋಡಿಯೇ ನಾವು ಹೇಳುವುದು, ಐಸ್ ಎಲ್ಲಿಯವರೆಗೆ ಇತ್ತು, ಯಾವಾಗ ಹಿಂದೆ ಹೋಯಿತು ಅಂತ.”

“ಯಾವಾಗ?”

“ಹದಿನೈದು ಸಾವಿರ ವರ್ಷದ ಹಿಂದೆ ಇರಬಹುದು.”

ಅವಳು ಕಲ್ಲನ್ನು ಗುಳಿಗೆ ಹಿಡಿದಳು. ಕೂರಲಿಲ್ಲ. ತಿರುಗಿಸಿದಳು, ಆಗಲೂ ಇಲ್ಲ. ಗುಳಿಯ ಒಂದು ಗೋಡೆಯಲ್ಲಿ ಕೂಡ ಸಪೂರ ಗೆರೆಗಳಿದ್ದವು. ಕಲ್ಲಿನ ಗೀರುಗಳನ್ನು ಕೆಸರು ಅಷ್ಟೂ ಕಾಲ ಅಚ್ಚು ಹಿಡಿದುಕೊಂಡಿತ್ತು. ಗೆರೆಗೆ ಗೆರೆ ಸೇರಿಸಿ ಬೆರಳಿನಿಂದ ಒತ್ತಿದಾಗ ಕಲ್ಲು ಒಸಡಿನಲ್ಲಿ ಹಲ್ಲು ಕೂತಂತೆ ಕೂತಿತು. ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ.

ಬಿಗಿಹಿಡಿದ ಉಸಿರನ್ನು ಮೊದಲು ಬಿಟ್ಟವಳು ನಳಿನಾಕ್ಷಿ. “ಇಷ್ಟು ಸಾವಿರ ವರ್ಷ ಕೂತಲ್ಲಿಂದ ಏಳದ್ದು, ಅಪ್ಪನ ದಯೆಯಿಂದ ಒಂದು ಗಳಿಗೆ ಮಲ್ಪೆ ನೋಡಿಕೊಂಡು ಬಂತು.”

ನವ್ಯಶ್ರೀಗೆ ನಗು ಬಂತು. ಚಂದಜ್ಜನಿಗೆ ಬರಲಿಲ್ಲ. ಅವರು ಕಲ್ಲನ್ನು ಎಸೆದ ತಮ್ಮ ಬಲಗೈಯನ್ನೇ ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ನವ್ಯಶ್ರೀ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಮಣಿಪಾಲಕ್ಕೆ ಹೋದಳು. ಅವಳನ್ನು ಬಸ್ಸಿಗೆ ಹತ್ತಿಸಿ ಚಂದಜ್ಜ ಬಂದರಿನ ದಾರಿಯಾಗಿ ಮರಳಿದರು. ಪ್ಲಾಂಟಿನ ಮುಂದೆ ಆಳುಗಳು ಒಂದು ಐಸ್ ಗಡ್ಡೆಯನ್ನು ಕೊಕ್ಕೆ ಹಾಕಿ ಎಳೆದು ತರುತ್ತಿದ್ದರು. ಚಂದಜ್ಜ ಪಕ್ಕಕ್ಕೆ ಸರಿದರು, ಹಿರಿಯರೆದುರು ಮಾಡುವಂತೆ ಹೆಗಲ ಬೈರಾಸನ್ನು ಕೈಗೆ ತೆಗೆದುಕೊಂಡರು, ಗಡ್ಡೆ ಹಾದುಹೋಗುವವರೆಗೆ ನಿಂತರು.