ಎರಡನೇ ಪರಿಶೀಲಕರು

"ಇದು ಎಲ್ಲಿ ಅಚ್ಚಾಗಿದೆ?" ಫೈಲಿನ ಒಂದು ಪುಟವನ್ನೂ ತಿರುವದೆ ದೊಡ್ಡ ಡಾಕ್ಟರು ಕೇಳಿದರು.

"ಎಲ್ಲೂ ಆಗಿಲ್ಲ ಸರ್," ಎಂದಳು ಹುಡುಗಿಯ ಚಿಕ್ಕಮ್ಮ. ಔಷಧಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳು ಸಂಶೋಧಕಿ. ಹುಡುಗಿ ಮೇಲಿನ ವಾರ್ಡಿನಲ್ಲಿ ಮೂತ್ರಪಿಂಡದ ಸೋಂಕಿನಿಂದ ಮಲಗಿದ್ದಳು, ಒಂಬತ್ತು ವರ್ಷ. ಹೊಸ ಚುಚ್ಚುಮದ್ದು ದಿನಕ್ಕೊಂದರಂತೆ ಹದಿನಾಲ್ಕು ಬರೆದಿದ್ದರು, ಎಂಟು ಮುಗಿದಿತ್ತು. ನಿನ್ನೆಯಷ್ಟೇ ಊರಿಂದ ಬಂದ ಚಿಕ್ಕಮ್ಮ ಸೀಸೆಯ ಮೇಲಿನ ಹೆಸರು ಓದಿದ ಕೂಡಲೇ ಹುಡುಗಿಯನ್ನು ಎರಡೂ ಕಡೆಯಿಂದ ಕರೆದು ನೋಡಿದ್ದಳು. ಎಡಗಡೆಯಿಂದ ಕರೆದರೆ ಹುಡುಗಿ ತಿರುಗುತ್ತಿರಲಿಲ್ಲ. ಅದನ್ನು ಅವಳ ಅಮ್ಮ ಹಟ ಅಂದುಕೊಂಡಿದ್ದಳು.

"ಅಚ್ಚಾಗದ ಕಾಗದ ಹಿಡ್ಕೊಂಡು ಬಂದು ಔಷಧಿ ನಿಲ್ಸಿ ಅಂದ್ರೆ ಹೇಗಮ್ಮಾ? ನಾಳೆ ಇನ್ಯಾರೋ ಕನಸು ಬಿತ್ತು ಅಂತ ಬರ್ತಾರೆ."

"ನಾನೇ ಇನ್ನೂರ ಹತ್ತು ಮಕ್ಕಳನ್ನ ನೋಡಿ ಬರೆದಿದ್ದು ಸರ್. ಹಳೇ ಔಷಧಿಗಿಂತ ಇದು ಕೂದಲೆಳೆಯಷ್ಟೂ ಹೆಚ್ಚು ಕೆಲಸ ಮಾಡಲ್ಲ. ಬದಲಿಗೆ ಒಂಬತ್ತರಲ್ಲಿ ಒಂದು ಮಗೂಗೆ ಕಿವಿ ಮಂದ ಆಗುತ್ತೆ. ಹತ್ತು ಚುಚ್ಚುಮದ್ದು ಆಗೋದ್ರೊಳಗೆ ನಿಲ್ಸಿದ್ರೆ ಎಷ್ಟೋ ಮಕ್ಕಳಿಗೆ ಕೇಳೋ ಶಕ್ತಿ ವಾಪಸ್ ಬಂದಿದೆ. ಹತ್ತು ದಾಟಿದ ಮೇಲೆ ಒಬ್ಬರಿಗೂ ಬಂದಿಲ್ಲ."

"ಅಷ್ಟು ಗಟ್ಟಿಯಾಗಿದ್ರೆ ಯಾಕೆ ಯಾರೂ ಅಚ್ಚು ಹಾಕ್ಲಿಲ್ಲ?"

ಯಾಕೆಂದರೆ ಗೆದ್ದ ಔಷಧಿಯ ಕಥೆಗಷ್ಟೇ ಬೆಲೆ. ಸೋತದ್ದನ್ನು ಓದುವವರಿಲ್ಲ ಎಂದು ಮೂರು ವೈದ್ಯಕೀಯ ಪತ್ರಿಕೆಗಳು ವಾರದೊಳಗೆ ಹಿಂದಕ್ಕೆ ಕಳಿಸಿದ್ದವು. ನಾಲ್ಕನೆಯದು ಹದಿನಾಲ್ಕು ತಿಂಗಳು ಇಟ್ಟುಕೊಂಡು, ಅಚ್ಚಿಗೆ ಯೋಗ್ಯವೇ ಎಂದು ಹೇಳಲು ಹೆಸರು ಮುಚ್ಚಿಟ್ಟ ಇಬ್ಬರು ಪರಿಶೀಲಕರಿಗೆ ಕೊಟ್ಟಿತ್ತು. ಮೊದಲನೆಯವರು ಕೂಡಲೇ ಅಚ್ಚು ಹಾಕಿ ಎಂದರು. ಎರಡನೆಯವರು ಬರೆದದ್ದು ಫೈಲಿನ ಕೊನೆಯ ಹಾಳೆಯಲ್ಲಿತ್ತು. ಅವಳು ಅದನ್ನು ಎಳೆದು ಡಾಕ್ಟರ ಮುಂದಿಟ್ಟಳು.

ಡಾಕ್ಟರು ಕನ್ನಡಕ ಏರಿಸಿಕೊಂಡು ಓದಿದರು. 'ಬಳಕೆಯಲ್ಲಿರುವ ಚಿಕಿತ್ಸೆಯ ಬಗ್ಗೆ ಅನಗತ್ಯ ಗಾಬರಿ ಹುಟ್ಟಿಸುವ ಲೇಖನ. ತಿರಸ್ಕರಿಸಬಹುದು. ಲೇಖಕರು ಈ ಕೆಳಗಿನ ಐದು ಪ್ರಬಂಧಗಳನ್ನು ಓದಿ, ಉಲ್ಲೇಖಿಸುವುದು ಒಳ್ಳೆಯದು.' ಕೆಳಗೆ ಐದು ಶೀರ್ಷಿಕೆಗಳಿದ್ದವು. ಐದನ್ನೂ ಬರೆದವರು ಒಬ್ಬರೇ. ಅವರ ಹೆಸರು ಇದೇ ಕೋಣೆಯ ಬಾಗಿಲ ಮೇಲಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಪಾಪ, ಹಳೇ ಕಾಲದವನು. ಹೆಸರು ಮುಚ್ಚಿಟ್ಟು ತೀರ್ಪು ಕೊಡುವ ಈ ಜನ ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಓಡಾಡುತ್ತಾರೆ. ತಮ್ಮ ಪ್ರಬಂಧವನ್ನು ಇನ್ನೂ ನಾಲ್ಕು ಜನ ಉಲ್ಲೇಖಿಸಲಿ ಎಂಬ ಆಸೆ ಅಂಥದ್ದು.

"ಪರಿಶೀಲಕರು ಯಾರು ಅನ್ನೋದು ಗುಟ್ಟು," ಎಂದರು ಡಾಕ್ಟರು ಹಾಳೆಯನ್ನು ಬೋರಲು ಹಾಕುತ್ತಾ. "ಅದನ್ನ ಕೇಳೋ ಹಾಗೂ ಇಲ್ಲ, ಹೇಳೋ ಹಾಗೂ ಇಲ್ಲ."

"ನಾನು ಕೇಳಿಲ್ಲ ಸರ್. ನಾಲ್ಕು ಗಂಟೆಗೆ ಒಂಬತ್ತನೇದು ಕೊಡ್ತಾರೆ, ಅಷ್ಟೇ ಹೇಳ್ತಿದೀನಿ."

ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಡಾಕ್ಟರು ಅದರತ್ತ ನೋಡಿ, "ಈಗ ಯಾರು ಬೇಕಾದ್ರೂ ಇಂಟರ್ನೆಟ್ಟಿಗೆ ಹಾಕ್ತಾರಲ್ಲ, ನೀವು ಯಾಕೆ ಹಾಕ್ಲಿಲ್ಲ?" ಎಂದರು.

ಈ ಮಾತು ಅವಳಿಗೆ ನಾಟಿತು. ಹಾಕಬಹುದಿತ್ತು, ಯಾರೂ ಕೈ ಕಟ್ಟಿಹಾಕಿರಲಿಲ್ಲ. ಪರಿಶೀಲನೆ ಆಗದ್ದನ್ನ ಬೀದಿಗೆ ಬಿಟ್ರೆ ಆಮೇಲೆ ಯಾವ ಪತ್ರಿಕೆಯೂ ಮುಟ್ಟಲ್ಲ, ನಿನ್ನ ಬಡ್ತಿಗೂ ಕಲ್ಲು ಬೀಳುತ್ತೆ ಎಂದು ಅವಳ ವಿಭಾಗದ ಮುಖ್ಯಸ್ಥರು ಹೇಳಿದ್ದರು. ಅವಳು ತಲೆಯಾಡಿಸಿ ಫೈಲನ್ನು ಡ್ರಾಯರಿಗೆ ಹಾಕಿದ್ದಳು. ನಿನ್ನೆ ರಾತ್ರಿ ತೆಗೆಯುವವರೆಗೂ ಮೂರು ವರ್ಷ ಅದು ಅಲ್ಲೇ ಇತ್ತು. ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

ಡಾಕ್ಟರು ಹುಡುಗಿಯ ಚೀಟಿ ಎಳೆದುಕೊಂಡರು. "ಇವಳೊಬ್ಬಳಿಗೆ ನಿಲ್ಲಿಸಿ ಹಳೇ ಔಷಧಿ ಬರೀತೀನಿ. ಕಾರಣ, ಮನೆಯವರ ಕೋರಿಕೆ. ಆದ್ರೆ ವಾರ್ಡಿನಲ್ಲಿ ಈ ಮಾತು ಎತ್ತಕೂಡದು. ಅಚ್ಚಾಗದ ಮಾತಿಗೆಲ್ಲ ಜನ ಗಾಬರಿಯಾಗಬಾರದು ನೋಡಿ."

ಪೆನ್ನು ಚೀಟಿಯ ಮೇಲೆ ನಿಂತೇ ಇತ್ತು. ಅವಳು ಹೂಂ ಎಂದಳು. ಪೆನ್ನು ಓಡಿತು.

ಅವಳು ಬಾಗಿಲಿಗೆ ಬಂದಾಗ ಡಾಕ್ಟರು ಹಿಂದಿನಿಂದ ಹೇಳಿದರು: "ಅದನ್ನ ಇನ್ನೊಂದು ಸಲ ಕಳಿಸಿ. ಹೇಗೂ ನನ್ನ ಹತ್ರಾನೇ ಬರುತ್ತೆ."

ವಾರ್ಡಿನಲ್ಲಿ ಅವಳ ಅಕ್ಕ, ಹುಡುಗಿಯ ಅಮ್ಮ, ಎಲ್ಲವನ್ನೂ ಕೇಳಿಸಿಕೊಂಡಳು. "ಇದು ನಿಂಗೆ ಯಾವಾಗಿಂದ ಗೊತ್ತಿತ್ತೇ?" ಎಂದಳು.

"ಮೂರು ವರ್ಷದಿಂದ."

ಅಕ್ಕ ಮಗಳ ಎಡಗಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

ನಾಲ್ಕು ಗಂಟೆಗೆ ನರ್ಸ್ ಟ್ರೇ ಹಿಡಿದು ಬಂದಳು. ಹುಡುಗಿಯ ಚೀಟಿ ಓದಿ, ಹುಬ್ಬೇರಿಸಿ, ಪಕ್ಕದ ಮಂಚಕ್ಕೆ ಹೋದಳು. ಅಲ್ಲಿ ಆರು ವರ್ಷದ ಇನ್ನೊಂದು ಮಗುವಿತ್ತು. ಅದೇ ಕಾಯಿಲೆ, ಟ್ರೇಯಲ್ಲಿ ಅದೇ ಸೀಸೆ. ಚಿಕ್ಕಮ್ಮ ಫೈಲು ಹಿಡಿದು ಅರ್ಧ ಎದ್ದಳು. ಅಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು. "ಸುಮ್ನೆ ಕೂತ್ಕೋ. ಸಿಟ್ಟು ಬಂದು ನಮ್ಮವಳಿಗೆ ಮತ್ತೆ ಬರೆದುಬಿಟ್ರೆ?"

ಅವಳು ಕೂತಳು.

ಸೂಜಿ ಚುಚ್ಚಿದ ಜಾಗವನ್ನು ಒತ್ತಿ ಹಿಡಿದುಕೊಂಡು ಆ ಮಗುವಿನ ತಾಯಿ ಇತ್ತ ತಿರುಗಿದಳು. "ನಿಮ್ಮ ಮಗೂಗೆ ಇವತ್ತು ಇಲ್ವೇನ್ರೀ?"

"ಇಲ್ಲ," ಎಂದಳು ಅಕ್ಕ. "ನಮ್ಮದು ಮುಗೀತು."

"ಪುಣ್ಯವಂತರು," ಎಂದು ಆಕೆ ನಕ್ಕಳು. "ನಮಗಿನ್ನೂ ಹತ್ತು ಬಾಕಿ."